ಮಗುವಿನ ಮೈಗೆ ಸೀಸ ಸೇರಿದರೆ: ಆಸ್ಪತ್ರೆ ಬಾಗಿಲಿಂದ ಮನೆ ಹಿತ್ತಲಿನವರೆಗೆ ಏನೇನು ಮಾಡಬೇಕು

ತುಮಕೂರಿನಲ್ಲಿ ಮಕ್ಕಳ ವಾರ್ಡ್ ನರ್ಸ್ ಆಗಿ ಹದಿನಾರು ವರ್ಷ ಕಳೆದಿದ್ದೇನೆ. ಹಾವು ಕಚ್ಚಿದ ಮಗು ಬಂದರೆ, ಸೀಮೆಎಣ್ಣೆ ಕುಡಿದ ಮಗು ಬಂದರೆ ನಮ್ಮ ಕೈಕಾಲು ತಾನಾಗಿಯೇ ಓಡುತ್ತವೆ. ಸೀಸದ ವಿಷ ಹಾಗಲ್ಲ. ಅದು ಮಾಮೂಲಿ ಹೊಟ್ಟೆನೋವಿನ ಹಾಗೆ ಬಂದು ಹೊರರೋಗಿಗಳ ಸಾಲಿನಲ್ಲಿ ಕೂತಿರುತ್ತದೆ.

ಶಿರಾ ಕಡೆಯಿಂದ ನಾಲ್ಕು ವರ್ಷದ ಹುಡುಗನೊಬ್ಬ ಬಂದಿದ್ದ. ಎರಡು ತಿಂಗಳಿಂದ ಹೊಟ್ಟೆನೋವು, ನಾಲ್ಕೈದು ದಿನಕ್ಕೊಮ್ಮೆ ಕಕ್ಕಸು, ಊಟ ಬೇಡ, ಸುಮ್ನೆ ಸಿಡುಕು. ಊರ ಹತ್ತಿರ ಎಲ್ಲೋ ಎರಡು ಸಲ ಜಂತುಹುಳದ ಔಷಧಿ ಕೊಟ್ಟಿದ್ದರು. ರಕ್ತ ಕಡಿಮೆ ಅಂತ ಟಾನಿಕ್ಕೂ ಆಗಿತ್ತು. ಅಜ್ಜಿ ದೃಷ್ಟಿ ತೆಗೆದಿದ್ದರು. ನಮ್ಮಲ್ಲಿಗೆ ಬರುವ ಹೊತ್ತಿಗೆ ವಾಂತಿ ಶುರುವಾಗಿತ್ತು, ಮಗು ಮಂಪರಿನಲ್ಲಿತ್ತು. ಡಾಕ್ಟರು ಒಂದೇ ಪ್ರಶ್ನೆ ಕೇಳಿದರು: "ಏನು ಕೆಲಸ ಮಾಡ್ತೀರಿ?" ಅಪ್ಪ ಕೈ ಕಟ್ಟಿಕೊಂಡು ನಿಂತಿದ್ದರು. ಉಗುರಿನ ಸಂದಿಯಲ್ಲೆಲ್ಲ ಬೂದು ಬಣ್ಣದ ಮಸಿ. "ಹಳೇ ಬ್ಯಾಟರಿ ಕೆಲಸ ಸಾರ್," ಅಂದರು. ಆಮೇಲೆ ಎಲ್ಲ ಚಕಚಕ ನಡೆಯಿತು.

ಆ ಹುಡುಗನ ಕಥೆ ಇಲ್ಲಿ ನಡುನಡುವೆ ಬರುತ್ತದೆ. ಅವನಿಂದ ನಾನು ಕಲಿತದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆಸ್ಪತ್ರೆಯ ಔಷಧಿ ಈ ಕಾಯಿಲೆಗೆ ಅರ್ಧ ಚಿಕಿತ್ಸೆ ಮಾತ್ರ. ಉಳಿದರ್ಧ ಮನೆಯ ಹಿತ್ತಲಿನಲ್ಲಿದೆ.

ಮೊದಲು: ಕಾಯುವಂಥದ್ದೋ, ಓಡುವಂಥದ್ದೋ

ಫಿಟ್ಸ್ ಬಂದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ, ಬಿಟ್ಟೂಬಿಡದೆ ವಾಂತಿಯಾದರೆ, ನೆಟ್ಟಗೆ ನಡೆಯುತ್ತಿದ್ದ ಮಗು ತೂರಾಡಿದರೆ, ತಡೆಯಲಾಗದ ತಲೆನೋವು ಅಂದರೆ ಮಿದುಳಿಗೆ ಬಾವು ಬಂದಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಆಂಬುಲೆನ್ಸ್ ಬರುವವರೆಗೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ನೀರೂ ಬೇಡ, ಚಮಚವೂ ಬೇಡ. ಫಿಟ್ಸ್ ಬಂದಾಗ ಕೈಗೆ ಬೀಗದಕೈ ಕೊಡುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಅದರಿಂದ ಲಾಭವಿಲ್ಲ. ಆ ಹೊತ್ತಿನಲ್ಲಿ ಗಡಿಯಾರ ನೋಡಿ ಎಷ್ಟು ನಿಮಿಷ ಫಿಟ್ಸ್ ಇತ್ತು ಅಂತ ನೆನಪಿಟ್ಟುಕೊಂಡರೆ ಡಾಕ್ಟರಿಗೆ ಉಪಯೋಗ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದಂತೂ ಬೇಡವೇ ಬೇಡ.

ಒಂದು ಮಾತು ಇಲ್ಲೇ ಹೇಳಬೇಕು. ಮಗು ನುಂಗಿದ್ದು ಆಟಿಕೆಯ ಅಥವಾ ರಿಮೋಟಿನ ಬಟನ್ ಸೆಲ್ ಆಗಿದ್ದರೆ ಅದು ಸೀಸದ ವಿಷಯವೇ ಅಲ್ಲ, ಅದಕ್ಕಿಂತ ಅವಸರದ್ದು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟುಬಿಡುತ್ತದೆ. ಈ ಲೇಖನ ಬದಿಗಿಟ್ಟು ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ.

ಫಿಟ್ಸ್, ಮಂಪರು ಇಲ್ಲದೆ ಹೊಟ್ಟೆನೋವು, ಮಲಬದ್ಧತೆ, ರಕ್ತ ಕಡಿಮೆ, ಸಿಡುಕು, ಮಣ್ಣು ತಿನ್ನುವ ಚಟ ಇಷ್ಟೇ ಇದ್ದರೂ ಅದೇ ದಿನ ಅಥವಾ ಮಾರನೇ ದಿನ ಮಕ್ಕಳ ಡಾಕ್ಟರಿಗೆ ತೋರಿಸಿ. ಏನೂ ಲಕ್ಷಣವಿಲ್ಲದ ಮಗುವಿನ ರಕ್ತದಲ್ಲೂ ಸೀಸ ಜಾಸ್ತಿ ಇರಬಹುದು. ಹಾಗಾಗಿ ಮನೆಯಲ್ಲಿ ಬ್ಯಾಟರಿ ಕೆಲಸ ಇದ್ದರೆ ಲಕ್ಷಣಕ್ಕೆ ಕಾಯುವುದರಲ್ಲಿ ಅರ್ಥವಿಲ್ಲ.

ಡಾಕ್ಟರ ಮುಂದೆ ‘ಸೀಸ’ ಅನ್ನೋ ಪದ ಹೇಳಿ

ಇದು ಸಣ್ಣ ಹೆಜ್ಜೆ ಅನ್ನಿಸಬಹುದು. ಆದರೆ ನೂರು ಹೊಟ್ಟೆನೋವು ನೋಡುವ ಡಾಕ್ಟರಿಗೆ ನೂರರಲ್ಲಿ ಸೀಸ ನೆನಪಾಗಬೇಕಾದರೆ ನೀವೇ ಬಾಯಿ ಬಿಡಬೇಕು. "ಇವನಿಗೆ ಸೀಸ ಸೇರಿರಬಹುದಾ ಸಾರ್, ಒಂದ್ಸಲ ನೋಡಿ" ಅಂದರೆ ಯಾರೂ ಬೈಯುವುದಿಲ್ಲ.

ಹೋಗುವ ಮುಂಚೆ ಮನೆ ಸುತ್ತ ಒಂದು ಸುತ್ತು ಹಾಕಿ ಪಟ್ಟಿ ಮಾಡಿ. ನಮ್ಮ ಜಿಲ್ಲೆಯಲ್ಲಿ ನಾನು ಮೊದಲು ಕೇಳುವುದು ಬ್ಯಾಟರಿ, ಗುಜರಿ. ಟ್ರ್ಯಾಕ್ಟರ್, ಆಟೋ, ಯುಪಿಎಸ್ ಬ್ಯಾಟರಿ ಒಡೆದು ಪ್ಲೇಟ್ ತೆಗೆದು ಸೀಸ ಕಾಯಿಸುವ ಕೆಲಸ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದೆಯಾ? ಆಮೇಲೆ ಹಿತ್ತಾಳೆ ಪಾತ್ರೆಯ ಕಲಾಯಿ. ಕಲಾಯಿಗೆ ಶುದ್ಧ ತವರ ಹಾಕಬೇಕು. ತವರ ದುಬಾರಿ ಅಂತ ಸೀಸ ಬೆರೆಸಿದರೆ ನೋಡಲು ಹಾಗೇ ಫಳಫಳ ಹೊಳೆಯುತ್ತದೆ. ಅದರಲ್ಲಿ ನಮ್ಮ ಹುಣಸೆಹಣ್ಣಿನ ಸಾರು ಕುದಿಸಿದರೆ ಹುಳಿ ಸೀಸವನ್ನು ಎಳೆದುಕೊಳ್ಳುತ್ತದೆ. ಗುಜರಿ ಕರಗಿಸಿ ಮಾಡಿದ ಅಗ್ಗದ ಅಲ್ಯೂಮಿನಿಯಂ ಪಾತ್ರೆಯದ್ದೂ ಇದೇ ತಕರಾರು.

ಮಗುವಿನ ಕಣ್ಣಿಗೆ ಹಚ್ಚುವ ಸುರ್ಮಾ, ಕೆಲವು ಬಗೆಯ ಸಿಂಧೂರ, ಬಣ್ಣ ಬೆರೆಸಿದ ಬಿಡಿ ಅರಿಶಿನಪುಡಿ, ನಾಗಭಸ್ಮ ಹಾಕಿದ ಔಷಧಿಗಳನ್ನೂ ಪಟ್ಟಿಗೆ ಸೇರಿಸಿ. ಆಯುರ್ವೇದದಲ್ಲಿ ನಾಗ ಅಂದರೆ ಸೀಸವೇ. ಪೊಟ್ಟಣ, ಡಬ್ಬಿ ಏನಿದ್ದರೂ ಚೀಲಕ್ಕೆ ಹಾಕಿಕೊಂಡು ಹೋಗಿ. ಪೇಂಟಿನ ವಿಷಯಕ್ಕೆ ಬಂದರೆ, ಮನೆಗೆ ಹೊಡೆಯುವ ಪೇಂಟಿನಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಜಾಸ್ತಿ ಸೀಸ ಇರಬಾರದು ಅಂತ 2016ರಲ್ಲಿ ನಿಯಮ ಬಂತು, 2017ರ ನವೆಂಬರ್‌ನಿಂದ ಜಾರಿಯಾಯಿತು. ಅದಕ್ಕೂ ಹಳೆಯ ಬಾಗಿಲು, ಕಿಟಕಿ, ತೊಟ್ಟಿಲಿನ ಬಣ್ಣ ಏಳುತ್ತಿದ್ದರೆ ಅನುಮಾನ ಪಡಿ. ಪೆಟ್ರೋಲಿನಿಂದ 2000ದಲ್ಲೇ ಸೀಸ ಹೋಯಿತು, ಅದರ ಚಿಂತೆ ಈಗ ಬೇಡ.

ವಿಷದ ಬಗ್ಗೆ ಸಲಹೆ ಬೇಕಾದರೆ ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಡಾಕ್ಟರೂ ಫೋನ್ ಮಾಡಬಹುದು, ನೀವೂ ಮಾಡಬಹುದು.

ರಕ್ತ ಪರೀಕ್ಷೆ, ಮತ್ತೆ ಆ ಸಂಖ್ಯೆಯ ಗೊಂದಲ

ಬೇಕಾದ್ದು ರಕ್ತದಲ್ಲಿನ ಸೀಸದ ಪರೀಕ್ಷೆ. ಬ್ಲಡ್ ಲೆಡ್ ಲೆವೆಲ್ ಅಂತ ಚೀಟಿಯಲ್ಲಿ ಬರೆಯುತ್ತಾರೆ. ರಕ್ತವನ್ನು ನರದಿಂದಲೇ ತೆಗೆಯಬೇಕು. ಬೆರಳಿಗೆ ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳಿನಲ್ಲಿರುವ ಸೀಸವೂ ಸೇರಿಕೊಂಡು ಸಂಖ್ಯೆ ಸುಳ್ಳೇ ಏರುತ್ತದೆ. ಬೆರಳಿನ ಪರೀಕ್ಷೆಯಲ್ಲಿ ಜಾಸ್ತಿ ಬಂದಿದ್ದರೆ ನರದ ರಕ್ತದಲ್ಲಿ ಖಚಿತ ಮಾಡಿಕೊಳ್ಳಬೇಕು. ಕೂದಲು ಪರೀಕ್ಷೆ ಮಾಡಿ ಸೀಸ ಹೇಳುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ನಮ್ಮ ಕಡೆಯ ಲ್ಯಾಬುಗಳು ಸ್ಯಾಂಪಲ್ಲನ್ನು ಸಾಮಾನ್ಯವಾಗಿ ಹೊರಗೆ ಕಳಿಸುತ್ತವೆ, ರಿಪೋರ್ಟ್ ಬರಲು ದಿನಗಳಾಗುತ್ತವೆ. ಮಗು ಮಂಪರಿನಲ್ಲಿದ್ದರೆ ಡಾಕ್ಟರು ಅಷ್ಟು ದಿನ ಕಾಯುವುದಿಲ್ಲ. ಹೊಟ್ಟೆಯ ಎಕ್ಸ್‌ರೇಯಲ್ಲಿ ಸೀಸದ ಚೂರು ಬಿಳಿ ಚುಕ್ಕಿಯಾಗಿ ಕಾಣುತ್ತದೆ. ಮಂಡಿಯ ಎಕ್ಸ್‌ರೇಯಲ್ಲಿ ಮೂಳೆಯ ತುದಿಗೆ ದಟ್ಟವಾದ ಬಿಳಿ ಗೆರೆ ಕಾಣಬಹುದು. ರಕ್ತಕಣಗಳ ಮೇಲೆ ನೀಲಿ ಚುಕ್ಕಿ, ಕಡಿಮೆ ಹಿಮೋಗ್ಲೋಬಿನ್ ಇವೆಲ್ಲ ಸೇರಿ ಚಿತ್ರ ಸಿಗುತ್ತದೆ. ಕಿಡ್ನಿ ಪರೀಕ್ಷೆಯೂ ಮಾಡುತ್ತಾರೆ, ಯಾಕೆಂದರೆ ಔಷಧಿ ಸೀಸವನ್ನು ಹೊರಹಾಕುವುದು ಹೆಚ್ಚಾಗಿ ಮೂತ್ರದಲ್ಲಿ.

ರಿಪೋರ್ಟ್ ಬಂದಾಗ ಸಂಖ್ಯೆಗಿಂತ ಮೊದಲು ಅಳತೆ ನೋಡಿ. ಕೆಲವು ಲ್ಯಾಬ್ ಒಂದು ಡೆಸಿಲೀಟರಿಗೆ ಎಷ್ಟು ಮೈಕ್ರೋಗ್ರಾಂ ಅಂತ ಕೊಡುತ್ತವೆ, ಕೆಲವು ಒಂದು ಲೀಟರಿಗೆ ಲೆಕ್ಕ ಕೊಡುತ್ತವೆ. ಲೀಟರಿನ ಲೆಕ್ಕವಾದರೆ ಹತ್ತರಿಂದ ಭಾಗಿಸಬೇಕು. ಒಬ್ಬ ತಾಯಿ 92 ಅಂತ ನೋಡಿ ಕಾರಿಡಾರಿನಲ್ಲೇ ಕುಸಿದಿದ್ದರು. ಅದು ಲೀಟರಿನ ಲೆಕ್ಕ. ನಮ್ಮ ಲೆಕ್ಕದಲ್ಲಿ 9.2.

ಇನ್ನು ಡೆಸಿಲೀಟರ್ ಲೆಕ್ಕದಲ್ಲೇ ಹೇಳುತ್ತೇನೆ. ಇಷ್ಟಿದ್ದರೆ ಅಪಾಯವಿಲ್ಲ ಅನ್ನುವ ಮಟ್ಟವೇ ಸೀಸಕ್ಕಿಲ್ಲ. 5 ಮುಟ್ಟಿದರೆ ಎಲ್ಲಿಂದ ಬಂತು ಅಂತ ಹುಡುಕಿ ನಿಲ್ಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಅಮೆರಿಕದವರು ಅದೇ ವರ್ಷ ಎಚ್ಚರಿಕೆಯ ಗೆರೆಯನ್ನು 3.5ಕ್ಕೆ ಇಳಿಸಿದರು. 45 ಮುಟ್ಟಿದರೆ ಸೀಸ ಹೊರಗೆಳೆಯುವ ಔಷಧಿ ಬೇಕು. 70 ಮುಟ್ಟಿದರೆ, ಮಗು ಆಡಿಕೊಂಡಿದ್ದರೂ, ಅದು ತುರ್ತು. ನಮ್ಮ ಹುಡುಗನದು 84 ಬಂತು.

45ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಔಷಧಿ ಕೊಡುವುದಿಲ್ಲ. ಇದನ್ನು ಕೇಳಿ ಎಷ್ಟೋ ಅಪ್ಪಂದಿರು "ಹಾಗೇ ಕಳಿಸ್ತಿದ್ದೀರಾ?" ಅಂತ ಜಗಳಕ್ಕೆ ಬಂದಿದ್ದಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಅಮೆರಿಕದಲ್ಲಿ 20ರಿಂದ 44ರ ನಡುವೆ ಇದ್ದ 780 ಪುಟ್ಟ ಮಕ್ಕಳ ಮೇಲೆ ಪ್ರಯೋಗ ಮಾಡಿ ನೋಡಿದ್ದಾರೆ. 2001ರಲ್ಲಿ ಫಲಿತಾಂಶ ಬಂತು. ಔಷಧಿಯಿಂದ ರಕ್ತದ ಸೀಸ ಇಳಿಯಿತು, ಮಕ್ಕಳ ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಮಾತ್ರ ಏನೂ ವ್ಯತ್ಯಾಸ ಕಾಣಲಿಲ್ಲ. ಈ ಮಟ್ಟದಲ್ಲಿ ಮನೆ ಸ್ವಚ್ಛ ಮಾಡುವುದೇ ಔಷಧಿ.

ಆಸ್ಪತ್ರೆಯೊಳಗೆ

ಫಿಟ್ಸ್, ಮಂಪರು ಇದ್ದರೆ ಐಸಿಯು ಬೇಕು. ನಮ್ಮಲ್ಲಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ಈ ಔಷಧಿಗಳು ಎಲ್ಲ ಕಡೆ ಕಪಾಟಿನಲ್ಲಿ ಇರುವುದಿಲ್ಲ. ಹಾಗಾಗಿ ಸಾಗಿಸುವ ಮುಂಚೆ ಅಲ್ಲಿ ಔಷಧಿಯೂ ಹಾಸಿಗೆಯೂ ಇದೆಯಾ ಅಂತ ಡಾಕ್ಟರಿಂದಲೇ ಫೋನ್ ಮಾಡಿಸಿ. ಗಾಡಿ ಹತ್ತಿಸಿದ ಮೇಲೆ ಕೇಳಿದರೆ ದಾರಿಯಲ್ಲೇ ಹೊತ್ತು ಹೋಗುತ್ತದೆ.

ಮೊದಲು ಫಿಟ್ಸ್ ನಿಲ್ಲಿಸುತ್ತಾರೆ. ಡ್ರಿಪ್ ಲೆಕ್ಕ ಹಾಕಿ ಹನಿಹನಿಯಾಗಿ ಕೊಡುತ್ತಾರೆ, ನೀರು ಜಾಸ್ತಿಯಾದರೆ ಮಿದುಳಿನ ಬಾವು ಏರುತ್ತದೆ. ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆಯನ್ನು ಇದೇ ಕಾರಣಕ್ಕೆ ಆದಷ್ಟು ಮಾಡುವುದಿಲ್ಲ. ಎಕ್ಸ್‌ರೇಯಲ್ಲಿ ಚೂರು ಕಂಡರೆ ಮೂಗಿನ ನಳಿಕೆಯಲ್ಲಿ ಪೆಗ್ ಅನ್ನುವ ದ್ರಾವಣ ಬಿಟ್ಟು ಕರುಳನ್ನೇ ತೊಳೆಯುತ್ತಾರೆ. ವಿಷ ಕುಡಿದವರಿಗೆ ಕೊಡುವ ಇದ್ದಿಲ ಪುಡಿ ಇಲ್ಲಿ ಕೆಲಸಕ್ಕೆ ಬಾರದು, ಸೀಸ ಅದಕ್ಕೆ ಅಂಟುವುದಿಲ್ಲ.

ಆಮೇಲೆ ಸೀಸವನ್ನು ಹಿಡಿದು ಹೊರಗೆಳೆಯುವ ಚಿಕಿತ್ಸೆ, ಕೀಲೇಶನ್. ಮಿದುಳಿಗೆ ತಾಗಿದ್ದರೆ ಮೊದಲು ಬಿಎಎಲ್ ಅನ್ನುವ ಇಂಜೆಕ್ಷನ್. ಸ್ನಾಯುವಿಗೇ ಚುಚ್ಚಬೇಕು, ನಾಲ್ಕು ಗಂಟೆಗೊಮ್ಮೆ, ಚೆನ್ನಾಗಿ ನೋಯುತ್ತದೆ. ಮೊದಲ ಡೋಸ್ ಆಗಿ ನಾಲ್ಕು ಗಂಟೆಯ ನಂತರ ಇಡಿಟಿಎ ಡ್ರಿಪ್ ಶುರು. ಈ ಕ್ರಮ ತಿರುಗುಮುರುಗಾಗಬಾರದು. ಒಟ್ಟು ಸುಮಾರು 5 ದಿನ, ಬೇಕಾದರೆ ನಡುವೆ ಬಿಡುವು ಕೊಟ್ಟು ಮತ್ತೊಮ್ಮೆ.

ನಮ್ಮ ಜಿಲ್ಲೆಯವರು ನೆನಪಿಡಬೇಕಾದ ವಿಷಯ ಒಂದಿದೆ. ಬಿಎಎಲ್ ತಯಾರಾಗುವುದು ಕಡಲೆಕಾಯಿ ಎಣ್ಣೆಯಲ್ಲಿ. ಪಾವಗಡ, ಶಿರಾ, ಮಧುಗಿರಿ ಕಡೆ ಕಡಲೆಕಾಯಿ ಇಲ್ಲದ ಮನೆ ಇಲ್ಲ, ಅಲ್ವಾ? ಮಗುವಿಗೆ ಕಡಲೆಕಾಯಿ ತಿಂದರೆ ಮೈ ದದ್ದು, ತುಟಿ ಊತ ಬಂದಿದ್ದರೆ ಕೇಳದಿದ್ದರೂ ಹೇಳಿ. ಬಿಎಎಲ್ ನಡೆಯುತ್ತಿರುವಾಗ ಕಬ್ಬಿಣದ ಟಾನಿಕ್ ಕೊಡಬಾರದು. ಮನೆಯಿಂದ ತಂದ ಬಾಟಲಿಯನ್ನು ಸುಮ್ನೆ ಕದ್ದು ಕುಡಿಸಬೇಡಿ.

ಇಡಿಟಿಎ ಹೆಸರಿನಲ್ಲಿ ಎರಡು ಔಷಧಿಗಳಿವೆ. ಬೇಕಾದ್ದು ಕ್ಯಾಲ್ಸಿಯಂ ಡೈಸೋಡಿಯಂ ಇಡಿಟಿಎ. ಕ್ಯಾಲ್ಸಿಯಂ ಇಲ್ಲದ ಡೈಸೋಡಿಯಂ ಇಡಿಟಿಎ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯವೇ ನಿಲ್ಲಬಹುದು. 2005ರಲ್ಲಿ ಅಮೆರಿಕದಲ್ಲಿ ಇಬ್ಬರು ಮಕ್ಕಳು ಹೀಗೆ ತೀರಿಕೊಂಡರು. ನಾವು ನರ್ಸ್‌ಗಳು ಬಾಟಲಿಯ ಮೇಲಿನ ಹೆಸರನ್ನು ಇಬ್ಬಿಬ್ಬರು ಗಟ್ಟಿಯಾಗಿ ಓದುವುದು ಇದಕ್ಕೇ. ನೀವೂ ಓದಿ.

ಮಗು ಎಚ್ಚರವಾಗಿದ್ದು, ವಾಂತಿ ಇಲ್ಲದೆ, 45ರಿಂದ 69ರ ನಡುವೆ ಇದ್ದರೆ ಬಾಯಿಗೆ ಕೊಡುವ ಸಕ್ಸಿಮರ್ ಸಾಕು. ಡಿಎಂಎಸ್‌ಎ ಅಂತಲೂ ಕರೆಯುತ್ತಾರೆ. ಸಾಮಾನ್ಯ ಲೆಕ್ಕ ಒಂದು ಕಿಲೋ ತೂಕಕ್ಕೆ 10 ಮಿಲಿಗ್ರಾಂ, ದಿನಕ್ಕೆ ಮೂರು ಹೊತ್ತು 5 ದಿನ, ಆಮೇಲೆ ಎರಡು ಹೊತ್ತು 14 ದಿನ. ಒಟ್ಟು 19 ದಿನ. ಈ ಲೆಕ್ಕ ನೀವಾಗಿ ಕೊಡಲಿ ಅಂತಲ್ಲ, 19 ದಿನ ಅಂದರೆ 19 ದಿನವೇ ಅಂತ ತಿಳಿಯಲಿ ಅಂತ. ನಡುನಡುವೆ ರಕ್ತಕಣ, ಲಿವರ್ ಪರೀಕ್ಷೆ ಮಾಡುತ್ತಾರೆ. ಕ್ಯಾಪ್ಸೂಲು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಮಕ್ಕಳು ಮೂಗು ಮುಚ್ಚಿಕೊಂಡು ಓಡುತ್ತವೆ. ನಮ್ಮ ಹುಡುಗನಿಗೆ ಇಂಜೆಕ್ಷನ್ ಮುಗಿದು ಕ್ಯಾಪ್ಸೂಲು ಶುರುವಾದಾಗ ಮೊದಲ ಎರಡು ಡೋಸ್ ನೆಲದ ಪಾಲಾಯಿತು. ಮೂರನೆಯದಕ್ಕೆ ಅವನ ಅಮ್ಮ ಡಾಕ್ಟರನ್ನು ಕೇಳಿ ಕ್ಯಾಪ್ಸೂಲು ಬಿಡಿಸಿ, ಏಲಕ್ಕಿ ಬಾಳೆಹಣ್ಣು ಕಿವುಚಿ ಅದರಲ್ಲಿ ಕಲಸಿದರು. ಒಂದೇ ತುತ್ತು. ಬಟ್ಟಲು ತುಂಬ ಕಲಸಿದರೆ ಅರ್ಧಕ್ಕೆ ಬಿಡುತ್ತಾನೆ, ಡೋಸೂ ಅರ್ಧವಾಗುತ್ತದೆ. ಆಮೇಲೆ ವಾರ್ಡಿನಲ್ಲಿ ನಾನೇ ಈ ಉಪಾಯವನ್ನು ಎಲ್ಲರಿಗೂ ಹೇಳಿಕೊಟ್ಟೆ.

ಕೊತ್ತಂಬರಿ ಜ್ಯೂಸು, ಡಿಟಾಕ್ಸ್ ಪುಡಿ ಇವು ಯಾವುವೂ ಈ ಜಾಗಕ್ಕೆ ಬರುವುದಿಲ್ಲ.

ಮನೆಗೆ ಕರೆದುಕೊಂಡು ಹೋಗುವ ಮುಂಚೆ

ನಾವು ಎಡವಿದ್ದು ಇಲ್ಲೇ. ಹುಡುಗ 84ರಿಂದ 31ಕ್ಕೆ ಇಳಿದ. ಎಲ್ಲರಿಗೂ ಖುಷಿ. ಮನೆಗೆ ಕಳಿಸಿದೆವು. ಆರು ವಾರಕ್ಕೆ ಮತ್ತೆ 58.

ಆಗ ಅವರ ಮನೆಗೆ ಹೋಗಿ ನೋಡಿದೆ. ಹಿತ್ತಲಿನಲ್ಲಿ ಹಲಸಿನ ಮರ. ಮರದಡಿ ಮೂರು ಕಲ್ಲಿನ ಒಲೆ, ಮೇಲೆ ಮಸಿ ಹಿಡಿದ ಕಬ್ಬಿಣದ ಬಾಣಲೆ. "ನೀವು ಹೇಳಿದ್ಮೇಲೆ ಇಲ್ಲಿ ಕಾಯಿಸ್ತಿಲ್ಲ ಸಿಸ್ಟರ್," ಅಂದರು ಅಪ್ಪ. ನಿಜವೇ ಇರಬಹುದು. ಆದರೆ ನೆಲದ ತುಂಬ ಬೂದು ಪುಡಿ ಹಾಗೇ ಇತ್ತು. ಅಂಗಡಿಯ ಪ್ಯಾಂಟು ಮಗುವಿನ ಚಡ್ಡಿಯ ಪಕ್ಕದಲ್ಲೇ ಒಣಗುತ್ತಿತ್ತು. ಹುಡುಗ ಬ್ಯಾಟರಿಯ ಬಿರಡೆಗಳನ್ನು ಸಾಲಾಗಿ ಜೋಡಿಸಿ ರೈಲು ಆಡುತ್ತಿದ್ದ. ಕೆಂಪು, ಹಳದಿ, ಕೆಂಪು. ಒಂದು ಬಿರಡೆ ಬಾಯಲ್ಲಿತ್ತು.

ಹಾಗಾಗಿ ಮಗುವಿನ ಔಷಧಿ ನಡೆಯುತ್ತಿರುವಾಗಲೇ ಮನೆಯ ಕೆಲಸ ಶುರು ಮಾಡಿ. ಮುಗಿಯದಿದ್ದರೆ ಮಗುವನ್ನು ಅಜ್ಜಿ ಮನೆಗೋ ಚಿಕ್ಕಮ್ಮನ ಮನೆಗೋ ಕಳಿಸಿ. ಸೀಸದ ನಡುವೆಯೇ ಕೂರಿಸಿಕೊಂಡು ಕೀಲೇಶನ್ ಮಾಡಿದರೆ ಬಕೆಟ್ಟಿನ ತೂತು ಮುಚ್ಚದೆ ನೀರು ತುಂಬಿದ ಹಾಗೆ.

ಒಣ ಪೊರಕೆಯಿಂದ ಗುಡಿಸಬೇಡಿ. ಧೂಳೆದ್ದು ಮಗುವಿನ ಮೂಗು, ತಟ್ಟೆ, ಹಾಸಿಗೆಗೆ ಹೋಗುತ್ತದೆ. ಸೋಪು ನೀರಿನಲ್ಲಿ ಒದ್ದೆ ಬಟ್ಟೆ ಅದ್ದಿ ಒರೆಸಿ, ನೀರು ಪದೇ ಪದೇ ಬದಲಿಸಿ. ಕಿಟಕಿ ದಂಡೆ, ಮಂಚದ ಕೆಳಗೆ, ಹೊಸಿಲ ಸಂದಿ ಬಿಡಬೇಡಿ. ಒರೆಸುವಾಗ ಮಕ್ಕಳು, ಬಸುರಿಯರು ಮನೆಯಲ್ಲಿರಬಾರದು. ಹಿತ್ತಲಿನ ಮೇಲ್ಮಣ್ಣು ತೆಗೆಸಬೇಕು. ಆ ಮಣ್ಣನ್ನು ಪಕ್ಕದ ಹೊಲಕ್ಕೋ ಕೆರೆಗೋ ಸುರಿಯಬೇಡಿ. ಎಲ್ಲಿ ಹಾಕಬೇಕು ಅಂತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಯಲ್ಲಿ ಕೇಳಿ. ತೆಗೆಸುವವರೆಗೆ ಆ ಜಾಗಕ್ಕೆ ಬೇಲಿ ಹಾಕಿ. ತೆಗೆಸಲು ಆಗದಿದ್ದರೆ ಸಿಮೆಂಟ್ ಹಾಕಿ ಮುಚ್ಚಿಸಿ. ಸಗಣಿ ಸಾರಿಸಿದರೆ ಸಾಕಾಗುವುದಿಲ್ಲ, ಎರಡು ದಿನಕ್ಕೆ ಎದ್ದುಬರುತ್ತದೆ. ಹಳೇ ಬಣ್ಣ ಏಳುತ್ತಿದ್ದರೆ ಒಣಗಿದ್ದಾಗ ಉಜ್ಜಬೇಡಿ, ಸುಡಬೇಡಿ. ಒದ್ದೆ ಮಾಡಿ ಕೆರೆಯಿರಿ.

ಅಪ್ಪ ಕೆಲಸ ಬಿಡಬೇಕಾ? ಎಲ್ಲರೂ ಕೇಳುವ ಪ್ರಶ್ನೆ. ಹೊಟ್ಟೆಪಾಡು ಬಿಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಬ್ಯಾಟರಿ ಮಾರುವುದು, ಚಾರ್ಜ್ ಮಾಡುವುದು ನಡೆಯಲಿ. ಒಡೆಯುವುದು, ಕಾಯಿಸುವುದು ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ನೋಂದಾಯಿತ ಮರುಬಳಕೆ ಘಟಕಕ್ಕೇ ಹೋಗಬೇಕು. ಅಂಗಡಿಯಲ್ಲೇ ಸ್ನಾನ, ಅಲ್ಲೇ ಬಟ್ಟೆ ಬದಲು, ಚಪ್ಪಲಿಯೂ ಅಲ್ಲೇ. ಆ ಬಟ್ಟೆ ಬೇರೆಯಾಗಿ ಒಗೆಯಬೇಕು. ಸ್ನಾನಕ್ಕೆ ಮೊದಲು ಮಗುವನ್ನು ಎತ್ತಿಕೊಳ್ಳಬಾರದು. ಇದು ಅಪ್ಪಂದಿರಿಗೆ ಎಲ್ಲಕ್ಕಿಂತ ಕಷ್ಟ. ಬಾಗಿಲಿಗೇ ಓಡಿಬರುವ ಮಗುವನ್ನು ತಡೆಯುವುದು ಸುಲಭವಲ್ಲ.

ಮನೆಯ ಉಳಿದ ಮಕ್ಕಳಿಗೂ, ಬಸುರಿ ಇದ್ದರೆ ಅವರಿಗೂ ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಹುಡುಗನ ತಂಗಿಗೆ ಒಂದೂವರೆ ವರ್ಷ, ಯಾವ ತೊಂದರೆಯೂ ಕಾಣುತ್ತಿರಲಿಲ್ಲ. ಅವಳಿಗೆ 37 ಇತ್ತು. ಪುಟ್ಟ ಮಕ್ಕಳ ಕರುಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಸೀಸ ಹೀರುತ್ತದೆ.

ಊಟ

ಹೊಟ್ಟೆ ಖಾಲಿ ಇದ್ದರೆ, ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇದ್ದರೆ ಸೀಸ ಸುಲಭವಾಗಿ ಒಳಗಿಳಿಯುತ್ತದೆ. ಈ ವಿಷಯದಲ್ಲಿ ನಾವು ಪುಣ್ಯವಂತರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೆಳಗ್ಗೆ ರಾಗಿ ಗಂಜಿ, ಮಧ್ಯಾಹ್ನ ಮುದ್ದೆಗೆ ಸೊಪ್ಪಿನ ಬಸ್ಸಾರು, ಹುರುಳಿಕಾಳು, ನುಗ್ಗೆಸೊಪ್ಪು, ಮೊಟ್ಟೆ, ಮೇಲೊಂದು ಸೀಬೆಹಣ್ಣು ಅಥವಾ ನೆಲ್ಲಿಕಾಯಿ. ಸಾರನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿಸಿ. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಸಿ. ಒಳಗೆ ಸೇರಿಕೊಂಡ ಸೀಸವನ್ನು ಊಟ ತೆಗೆಯುವುದಿಲ್ಲ, ಹೊಸದನ್ನು ತಡೆಯುತ್ತದೆ ಅಷ್ಟೇ.

ಆಮೇಲಿನ ತಿಂಗಳುಗಳು

ಔಷಧಿ ಮುಗಿದ ಮೇಲೆ ಮೂಳೆಯಲ್ಲಿ ಕೂತಿದ್ದ ಸೀಸ ರಕ್ತಕ್ಕೆ ಇಳಿಯುತ್ತದೆ. ಮನೆ ಸ್ವಚ್ಛವಾಗಿದ್ದರೂ ಸಂಖ್ಯೆ ಸ್ವಲ್ಪ ಏರುವುದು ಸಹಜ. ಎರಡರಿಂದ ನಾಲ್ಕು ವಾರದೊಳಗೆ ಮರುಪರೀಕ್ಷೆ ಮಾಡಿಸಿ. ಮತ್ತೆ 45 ಮುಟ್ಟಿದರೆ ಇನ್ನೊಂದು ಸುತ್ತು ಔಷಧಿ. ಆಮೇಲೆ ಡಾಕ್ಟರು ಹೇಳಿದ ಹಾಗೆ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ. ಆದಷ್ಟು ಅದೇ ಲ್ಯಾಬಿನಲ್ಲಿ ಮಾಡಿಸಿ. ರಿಪೋರ್ಟುಗಳನ್ನೆಲ್ಲ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ತಾರೀಕಿನ ಪ್ರಕಾರ ಇಡಿ.

ಮಾತು ತಡವಾದರೆ, ಒಂದು ಕಡೆ ಕೂರದಿದ್ದರೆ, ಅಕ್ಷರ ಹತ್ತದಿದ್ದರೆ "ದೊಡ್ಡವನಾದ್ಮೇಲೆ ಸರಿಹೋಗ್ತಾನೆ" ಅಂತ ಬಿಡಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಮಕ್ಕಳ ಬೆಳವಣಿಗೆ ನೋಡುವ ಕೇಂದ್ರಗಳಿವೆ, ಖರ್ಚಿಲ್ಲ. ಅಂಗನವಾಡಿ ಟೀಚರ್ ಅಥವಾ ಆಶಾ ಅಕ್ಕನನ್ನು ಕೇಳಿದರೆ ದಾರಿ ಹೇಳುತ್ತಾರೆ.

ನಮ್ಮ ಹುಡುಗ ಎರಡನೇ ಸುತ್ತು ಮುಗಿಸಿ ಮಧುಗಿರಿಯ ಅಜ್ಜಿ ಮನೆಯಲ್ಲಿ ನಾಲ್ಕು ತಿಂಗಳು ಇದ್ದ. ಅಷ್ಟರಲ್ಲಿ ಹಿತ್ತಲಿಗೆ ಸಿಮೆಂಟ್ ಆಯಿತು, ಬಾಣಲೆ ಹೋಯಿತು. ಈಗ ಒಂದನೇ ಕ್ಲಾಸು. ಮಾತು ಚೆನ್ನಾಗಿದೆ, ಲೆಕ್ಕ ಸ್ವಲ್ಪ ನಿಧಾನ. ಹೋದ ಸಲದ ರಿಪೋರ್ಟು 11. ಮುಂದಿನದು ದಸರಾ ರಜೆಯಲ್ಲಿ.